ನಾಲಿಗೆಯಡಿ ಹನಿ, ಜಗುಲಿಯಲ್ಲಿ ಮೂಟೆ

ಸ್ನೇಹಿತರೇ, ಮೊದಲು ಒಂದು ತಿದ್ದುಪಡಿ. ನನ್ನ ಧೂಳಿನ ಅಲರ್ಜಿಗೆ ಕೊಟ್ಟ ಹನಿಗಳನ್ನು ಕೂಡಲೇ ನುಂಗಬೇಕೆಂದು ನಿನ್ನೆ ಈ ಬ್ಲಾಗಿನಲ್ಲಿ ಬರೆದಿದ್ದೆ, ಅದು ತಪ್ಪು. ಎರಡು ನಿಮಿಷ ನಾಲಿಗೆಯಡಿ ಇರಿಸಿಕೊಳ್ಳಬೇಕು, ಬಾಯಿ ತೆರೆಯುವಂತಿಲ್ಲ.

ಇಂದು ಬೆಳಿಗ್ಗೆ ಹಾಗೆ ಕುಳಿತಿದ್ದಾಗಲೇ ಪಕ್ಕದ ಮನೆಯ ಅಕ್ಕಿ ವ್ಯಾಪಾರಿ ಬಸವರಾಜಪ್ಪನವರು ಬಂದರು.

"ಮೇಷ್ಟ್ರೇ, ಅಕ್ಕಿಪೇಟೆ ಗೋಡೌನ್ ಸೋರ್ತಿದೆ. ಒಂದಷ್ಟು ಮೂಟೆ ನಿಮ್ಮ ಜಗುಲೀಲಿ ಇಳಿಸ್ಲಾ?"

ಗಾಬರಿಯಿಂದ, ಬೇಡವೆಂದು ತಲೆಯಾಡಿಸಿದೆ. ಅವರು ಒಪ್ಪಿಗೆಯೆಂದೇ ತಿಳಿದರು. "ದೊಡ್ಡ ಮನಸ್ಸು ನಿಮ್ದು!"

ಎರಡು ನಿಮಿಷ ಮುಗಿಯುವಷ್ಟರಲ್ಲಿ ಬಾಗಿಲಲ್ಲೇ ನಿಂತಿದ್ದ ಗಾಡಿಯಿಂದ ಮೂಟೆಗಳು ಇಳಿದವು, ಧೂಳೆದ್ದಿತು, ನಾನು ಸೀನತೊಡಗಿದೆ.

"ಬೇಡ ಅನ್ನೋಕೇನಾಗಿತ್ರೀ?" ಎಂದಳು ನನ್ನಾಕೆ.

"ಬಾಯಲ್ಲಿ ಔಷಧಿ ಇತ್ತು ಕಣೇ!"

ಈ ಹನಿಗಳಿಂದ ಧೂಳನ್ನು ತಾಳಿಕೊಳ್ಳುವ ಶಕ್ತಿ ಬರಲು ಮೂರು ವರ್ಷ ಬೇಕೆಂದು ವೈದ್ಯರು ಹೇಳಿದ್ದಾರೆ. ಧೂಳು ಮಾತ್ರ ಆಗಲೇ ಬಂದು ಕುಳಿತಿದೆ.

ಚಾಮರಾಜಪೇಟೆ, ಭಾನುವಾರ, ೧೨ ಜುಲೈ ೨೦೦೯, ಬೆಳಿಗ್ಗೆ ೯.೨೦