ಕೆಂಪು ಪೆನ್ನಿನ ತಿದ್ದುಪಡಿ

ಲತಾಮಣಿ ಟೀಚರ್ ಕೈಗೆ ಕೆಂಪು ಪೆನ್ನು ಬಂತೆಂದರೆ ಮಕ್ಕಳ ಎದೆ ಡವಡವ ಎನ್ನುತ್ತಿತ್ತು. ಹಾಗಂತ ಆಕೆ ಹೊಡೆಯುವವರಲ್ಲ, ಬೈಯುವವರೂ ಅಲ್ಲ. ಕೈಲಾಂಚದ ಕಡೆಯ ಹಳ್ಳಿ ಶಾಲೆಯಲ್ಲಿ ಆರು, ಏಳು, ಎಂಟನೇ ತರಗತಿಗೆ ಕನ್ನಡ ಹೇಳಿಕೊಡುವ, ರಾಮನಗರದಿಂದ ಬಸ್ಸಿನಲ್ಲಿ ಬಂದು ಹೋಗುವ ಸಾಧು ಹೆಂಗಸು. ಆದರೆ ತಪ್ಪು ಕಂಡರೆ ತಡೆದುಕೊಳ್ಳುವುದು ಅವರಿಂದಾಗದು. ಮನೆಗೆ ಬಂದು ಮದುವೆ ಕಾಗದ ಕೊಟ್ಟವರೆದುರೇ ಅದರ ಒತ್ತಕ್ಷರ ತಿದ್ದಿದ ಪುಣ್ಯಾತ್ಗಿತ್ತಿ!

ಇದಕ್ಕೆ ಕಾರಣವೂ ಇತ್ತು. ಸಾವನದುರ್ಗದ ಬುಡದ ಹಳ್ಳಿಯೊಂದರ ರೈತರ ಮಗಳು ಆಕೆ. ಮೈಸೂರಿಗೆ ಟೀಚರ್ ಟ್ರೈನಿಂಗಿಗೆ ಹೋದ ಮೊದಲ ವಾರ, ಪಾಠ ಮಾಡಿ ತೋರಿಸುವಾಗ ಬಾಯಿತಪ್ಪಿ ‘ಐತೆ’ ಅಂದುಬಿಟ್ಟಿದ್ದರು. ಇಡೀ ತರಗತಿ ಗೊಳ್ಳೆಂದು ನಕ್ಕಿತ್ತು. ತನ್ನ ಮಕ್ಕಳನ್ನು ನೋಡಿ ಯಾರೂ ಹಾಗೆ ನಗಬಾರದು ಎಂಬುದೊಂದೇ ಅವರ ಹಟ.

ಬರೆಯುವುದನ್ನು ಆಕೆ ಹಂತಹಂತವಾಗಿ ಕಲಿಸುತ್ತಿದ್ದರು. ಮೊದಲು ಯೋಚಿಸಬೇಕು, ಆಮೇಲೆ ತೋಚಿದಂತೆ ಗೀಚಬೇಕು, ಮತ್ತೆ ಓದಿ ಬೇಡದ್ದನ್ನು ತೆಗೆದು ಬೇಕಾದ್ದನ್ನು ಸೇರಿಸಬೇಕು, ತಪ್ಪು ತಿದ್ದಬೇಕು, ಕೊನೆಗೆ ಚೊಕ್ಕವಾಗಿ ಬರೆದು ನಾಲ್ಕು ಜನರೆದುರು ಓದಬೇಕು. ಮಕ್ಕಳಿಗೆ ಮೊದಲನೆಯದೇ ಕಷ್ಟ. ಒಂದು ದಿನ ಏಳನೇ ತರಗತಿಯ ನಯನ ಪೆನ್ನೇ ಮುಟ್ಟದೆ ಕೂತಿದ್ದಳು. ಟೀಚರ್ ಹತ್ತಿರ ಬಂದು ನಿಂತರು.

"ಅವ್ಳು ಜ್ವರಕ್ಕೆ ಕೂತವ್ಳೆ ಮಿಸ್" ಎಂದಳು ಪಕ್ಕದ ಮಮತಾ.

ಟೀಚರ್ ಗಾಬರಿಯಿಂದ ನಯನಳ ಹಣೆ ಮುಟ್ಟಿ ನೋಡಿದರು. ತಣ್ಣಗಿತ್ತು. ಮಕ್ಕಳೆಲ್ಲ ನಕ್ಕರು. ರೇಷ್ಮೆ ಸಾಕುವ ಮನೆಗಳ ಮಕ್ಕಳವು. ಹುಳು ಪೊರೆ ಬಿಡುವ ಮೊದಲು ಸೊಪ್ಪು ಮುಟ್ಟದೆ, ತಲೆಯೆತ್ತಿ ಅಲ್ಲಾಡದೆ ಕೂರುತ್ತದಲ್ಲ, ಅದಕ್ಕೆ ಅವರು ಜ್ವರ ಅನ್ನುತ್ತಾರೆ. ಆಗ ಹುಳುವನ್ನು ಯಾರೂ ಕೆಣಕುವುದಿಲ್ಲ. ರಾಗಿ, ಹುರುಳಿ ಬಿಟ್ಟು ಬೇರೇನೂ ಬೆಳೆಯದ ಮನೆಯಿಂದ ಬಂದ ಟೀಚರ್‌ಗೆ ಇದು ಹೊಸದು, ಹಿಡಿಸಿತು ಕೂಡ. ಅಂದಿನಿಂದ ಯೋಚಿಸುವ ಹಂತಕ್ಕೆ ಆ ಶಾಲೆಯಲ್ಲಿ ಜ್ವರವೆಂದೇ ಹೆಸರಾಯಿತು.

ನಯನಳ ಜ್ವರ ಮಾತ್ರ ಬೇಗ ಬಿಡಲಿಲ್ಲ. ಅವಳಪ್ಪ ಸಿದ್ದರಾಮು ಕುರಿ ಸಾಕಿಕೊಂಡಿದ್ದವನು. ಹಿಂದಿನ ಮಳೆಗಾಲದಲ್ಲಿ ಗುಡ್ಡದ ಮೇಲೆ ಸಿಡಿಲು ಬಡಿದು ಸತ್ತಿದ್ದ. ಅದು ಗೊತ್ತಿದ್ದರಿಂದಲೇ ಟೀಚರ್ ಅವಸರ ಮಾಡಲಿಲ್ಲ. ವಾರಗಳು ಕಳೆದ ಮೇಲೆ ಹುಡುಗಿ ತಾನಾಗಿಯೇ ಎರಡು ಪುಟ ಬರೆದು ತಂದಿಟ್ಟಳು.

ಆ ಸಂಜೆ ಮೋಡ ಕವಿದದ್ದು, ಹಟ್ಟಿಗೆ ಬಂದ ಮಂದೆಯಲ್ಲಿ ಒಂದು ಮರಿ ಕಾಣದಿದ್ದದ್ದು, ಅಪ್ಪ ಹುಡುಕಲು ಹೊರಟಾಗ ತಾನೂ ಬರುತ್ತೇನೆಂದು ರಚ್ಚೆ ಹಿಡಿದದ್ದು, ಎಲ್ಲ ಬರೆದಿದ್ದಳು. ಅಪ್ಪ ಬಾಗಿಲಲ್ಲಿ ತಿರುಗಿ, ‘ಒಸಿ ತಡಿ ಮಗಾ, ಬಂದ್ಬುಡ್ತೀನಿ’ ಅಂದ. ಅಷ್ಟೇ ಅವನ ಕೊನೆಯ ಮಾತು.

ಓದಿ ಲತಾಮಣಿ ಅತ್ತರು. ಕಣ್ಣೊರೆಸಿಕೊಂಡು ಕೆಂಪು ಪೆನ್ನು ಎತ್ತಿಕೊಂಡರು. ಶನಿವಾರ ಪೋಷಕರ ಸಭೆ, ಊರವರೆದುರು ನಯನ ಇದನ್ನು ಓದಬೇಕಿತ್ತು. ಕಾಗುಣಿತ ತಿದ್ದಿದರು, ವಾಕ್ಯ ತಿದ್ದಿದರು. ಅದೇ ಓಟದಲ್ಲಿ ಸಿದ್ದರಾಮುವಿನ ಮಾತನ್ನೂ ತಿದ್ದಿದರು: ‘ಸ್ವಲ್ಪ ತಾಳು ಮಗಳೇ, ಬಂದುಬಿಡುತ್ತೇನೆ.’ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಒಳ್ಳೆಯ ಮನಸ್ಸಿನಿಂದ ಆಗುವ ಅನಾಹುತಗಳೇನು ಕಡಿಮೆಯೇ? ನಯನ ಆ ಸಾಲನ್ನು ಎರಡೆರಡು ಸಲ ಓದಿದಳು. ಗುಂಡಗೆ ಶುದ್ಧಪ್ರತಿ ಬರೆದಳು.

ಶನಿವಾರ ಅವಳ ತಾಯಿ ಶಿವಲಕ್ಷ್ಮಿ ಬಿಡದಿಯ ಕೆಲಸಕ್ಕೆ ರಜೆ ಹಾಕಿ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಮಗಳು ಓದುತ್ತಾ ಹೋದಂತೆ ಆಕೆ ಮುಂದಕ್ಕೆ ಬಾಗಿದಳು. ಮೋಡ ಬಂತು, ಮರಿ ಕಾಣೆಯಾಯಿತು, ಬಾಗಿಲು ಬಂತು. ಅಪ್ಪ ಆಡಿದ ಮಾತು ಕೇಳಿದ್ದೇ ಆಕೆ ಗಕ್ಕನೆ ತಲೆಯೆತ್ತಿದಳು.

"ಯಾರ್ ಮಗಾ ಹಂಗಂದಿದ್ದು?"

"ಅಪ್ಪ" ಎಂದಳು ನಯನ.

"ಅವ್ರು ಯಾವತ್ತು ಹಂಗ್ ಮಾತಾಡವ್ರೆ?"

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಆಕೆಗೆ ನಿಜಕ್ಕೂ ಗಂಡನ ಗುರುತು ಸಿಕ್ಕಿರಲಿಲ್ಲ. ನಯನ ತಲೆ ತಗ್ಗಿಸಿ ನಿಂತಳು, ಟೀಚರ್ ಕಡೆ ಮಾತ್ರ ನೋಡಲಿಲ್ಲ. ಮಗು ತನ್ನ ಟೀಚರ್ ಮಾನ ಕಾಯುತ್ತಿದೆ ಎಂದು ಲತಾಮಣಿಗೆ ಹೊಳೆಯಿತು. ಎದ್ದು ನಿಂತರು.

"ಅವಳು ಸರಿಯಾಗಿಯೇ ಬರೆದಿದ್ದಳಮ್ಮ. ತಿದ್ದಿ ಕೆಡಿಸಿದವಳು ನಾನು. ನಯನಾ, ನಿಮ್ಮಪ್ಪ ಹೇಗೆ ಹೇಳಿದರೋ ಹಾಗೇ ಹೇಳು."

ನಯನ ಕಾಗದ ಮಡಿಸಿದಳು.

"ಒಸಿ ತಡಿ ಮಗಾ, ಬಂದ್ಬುಡ್ತೀನಿ."

ಯಾರೂ ನಗಲಿಲ್ಲ. ಶಿವಲಕ್ಷ್ಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ, "ಹೂಂ, ಇವ್ರೇ" ಎಂದಳು. "ಇನ್ನೊಂದ್ಸಲ ಅನ್ನು ಮಗಾ."