ಹನ್ನೊಂದು ಗಂಟೆಯ ತಂತಿ

ಮಗಳ ಶಾಲೆಯ ಬಿಳಿ ಬ್ಲೌಸನ್ನು ಗಂಜಿ ತಿಳಿಯಲ್ಲಿ ಅದ್ದಿ ಹಿಂಡುತ್ತಿದ್ದೆ. ಬಾಗಿಲಲ್ಲಿ ತಂತಿಯವನು ಬಂದು ನಿಂತ. ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಅಂಟು ಕೈಯನ್ನು ಸೆರಗಿಗೆ ಒರೆಸಿಕೊಂಡು ಅವನು ಬೆರಳಿಟ್ಟ ಕಡೆ ಸಹಿ ಹಾಕಿದೆ. ಬಾಂಗ್ಲಾ ಯುದ್ಧ ಮುಗಿದು ಕೆಲವೇ ವಾರ ಆಗಿತ್ತು. ಬ್ಲ್ಯಾಕೌಟಿಗೆಂದು ಚೆಂಬೂರಿನ ನಮ್ಮ ಚಾಳಿನ ಕಿಟಕಿಗಳಿಗೆ ಅಂಟಿಸಿದ್ದ ಕಪ್ಪು ಕಾಗದವನ್ನು ಯಾರೂ ಪೂರ್ತಿ ಕಿತ್ತಿರಲಿಲ್ಲ. ಆ ಅರೆಬೆಳಕಿನಲ್ಲೇ ತಂತಿ ಬಿಡಿಸಿದೆ.

ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ. ಆದರೆ ಆ ಸಾಲು ನನಗೆ ಹೊಸತಲ್ಲ. ಮೂರು ವರ್ಷದ ಹಿಂದೆ ಮಾವ ತೀರಿಕೊಂಡಾಗಲೂ ಅದೇ ಬಂದಿತ್ತು. ಆಗ ಫಾದರ್ ಎಂದಿತ್ತು, ಈಗ ಮದರ್ ಎಂದಿತ್ತು. ಮದರ್ ಸೀರಿಯಸ್, ಸ್ಟಾರ್ಟ್ ಇಮಿಡಿಯೆಟ್ಲಿ. ಕಳಿಸಿದವನು ಊರಲ್ಲಿರುವ ಮೈದುನ.

ನಮ್ಮ ಕಡೆಯವರು ತಂತಿಯಲ್ಲಿ ಸಾವನ್ನು ಬರೆಯುವುದಿಲ್ಲ. ದೂರದಲ್ಲಿ ಒಬ್ಬನೇ ಓದಿ ಎದೆ ಒಡೆದುಕೊಂಡರೆ, ಬಸ್ಸಿನಲ್ಲಿ ಬರುವಾಗ ಏನಾದರೂ ಮಾಡಿಕೊಂಡರೆ ಎಂಬ ಭಯ. ಜೀವ ಹೋಗಿ ಹೊತ್ತಾಗಿದ್ದರೂ ಕಾಯಿಲೆ ಜೋರು ಎಂದೇ ಬರೆಸುತ್ತಾರೆ. ಉಡುಪಿ ಕಡೆಯಿಂದ ಮುಂಬಯಿಗೆ ಬಂದು ಬಿದ್ದವರಿಗೆಲ್ಲ ಇದು ಗೊತ್ತು. ತಂತಿ ಓದುತ್ತೇವೆ, ತಲೆಗೆ ನೀರು ಹಾಕಿಕೊಳ್ಳುತ್ತೇವೆ, ಆಮೇಲೆ ಬಟ್ಟೆ ಕಟ್ಟುತ್ತೇವೆ. ಮಾವನ ಸಲ ನಾವು ಹೋಗಿ ಮುಟ್ಟುವಾಗ ಬೂದಿಯೂ ತಣ್ಣಗಾಗಿತ್ತು.

ಅತ್ತೆ ಹೋದರು ಎಂದುಕೊಂಡೆ. ಅಳು ಬಂತು. ಆದರೆ ಅಳಲಿಲ್ಲ, ಏಕೆಂದರೆ ಒಳಗಿನ ಕೋಣೆಯಲ್ಲಿ ಇಬ್ಬರು ಹುಡುಗಿಯರು ಹಿಂದಿಯಲ್ಲಿ ವಾದ ಮಾಡುತ್ತಿದ್ದರು.

ಒಬ್ಬಳು ನನ್ನ ಮಗಳು, ಹತ್ತನೆಯ ಇಯತ್ತೆ. ಇನ್ನೊಬ್ಬಳು ಅವಳ ಜೊತೆಯವಳು, ವಿಜಾಪುರದ ಕಡೆಯ ಹುಡುಗಿ. ಅವಳ ಅಪ್ಪ ಕಟ್ಟಡಗಳಲ್ಲಿ ಗಾರೆ ಕೆಲಸ ಮಾಡುತ್ತಿದ್ದ. ಆ ದಿನ ಸಂಜೆ ನಾಲ್ಕಕ್ಕೆ ದಾದರಿನಲ್ಲಿ ಎಲ್ಲ ಹೈಸ್ಕೂಲುಗಳ ಹಿಂದಿ ಚರ್ಚಾಸ್ಪರ್ಧೆಯ ಕೊನೆಯ ಸುತ್ತು. ನಮ್ಮಂಥ ಕನ್ನಡ ಶಾಲೆಯೊಂದು ಅಲ್ಲಿಯವರೆಗೆ ಮುಟ್ಟಿದ್ದು ಅದೇ ಮೊದಲು. ಶಾಲೆಗೆ ಇಬ್ಬರು ಮಾತಾಡಬೇಕು, ಒಬ್ಬಳು ಪರ, ಒಬ್ಬಳು ವಿರೋಧ. ಇಬ್ಬರ ಅಂಕ ಕೂಡಿಸಿ ಶೀಲ್ಡು. ಒಬ್ಬಳು ಬಾರದಿದ್ದರೆ ಇನ್ನೊಬ್ಬಳು ಎಷ್ಟು ಚೆನ್ನಾಗಿ ಮಾತಾಡಿದರೂ ಲೆಕ್ಕಕ್ಕಿಲ್ಲ. ವಿಜಾಪುರದ ಹುಡುಗಿಗೆ ಇನ್ನೊಂದು ವರ್ಷ ಎಂಬುದು ಇರಲೂ ಇಲ್ಲ. ಮುಂದಿನ ತಿಂಗಳು ಅವಳ ಅಪ್ಪನ ಕೆಲಸ ಬೊರಿವಲಿಯ ಹೊಸ ಬಿಲ್ಡಿಂಗಿಗೆ ಹೋಗುವುದಿತ್ತು. ಅವಳು ಶಾಲೆ ಬಿಟ್ಟು ಅಲ್ಲಿ ಗಾರೆ ಬುಟ್ಟಿ ಹೊರುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

ತಂತಿಯ ಸುದ್ದಿ ಬಾಯಿಂದ ಬಂದರೆ ಮನೆಗೆ ಸೂತಕ. ಸೂತಕದ ಮನೆಯ ಮಗಳು ವೇದಿಕೆ ಹತ್ತುವ ಹಾಗಿಲ್ಲ. ನಾನು ಹತ್ತಿಸುತ್ತೇನೆಂದರೂ ನನ್ನ ಗಂಡ ಬಿಡುವವರಲ್ಲ. ಮಧ್ಯಾಹ್ನ ಎರಡಕ್ಕೆ ಸಾಯನ್ನಿನಿಂದ ಊರಿನ ಬಸ್ಸು. ದಿನಕ್ಕೆ ಅದೊಂದೇ. ನಮ್ಮನ್ನೆಲ್ಲ ಎಳೆದುಕೊಂಡು ಅದನ್ನೇ ಹತ್ತುತ್ತಾರೆ.

ಸೂತಕ ಕೇಳಿದವರಿಗೆ, ಕೇಳುವವರೆಗೆ ಇಲ್ಲ. ಇದನ್ನು ನನಗೆ ಕಲಿಸಿದವರು ಅತ್ತೆಯೇ. ಮಗಳು ಕೇಳದಿದ್ದರೆ ಮಗಳಿಗಿಲ್ಲ. ಗಂಡ ಕೇಳದಿದ್ದರೆ ಗಂಡನಿಗಿಲ್ಲ. ಕೇಳಿದವಳು ನಾನೊಬ್ಬಳು, ನನ್ನದು ನನಗಿರಲಿ. ಹೋದ ಜೀವ ಹೋಗಿದೆ, ಬೆಂಕಿ ಕೊಡಲು ಮೈದುನ ಇದ್ದಾನೆ, ಹೆಣವನ್ನು ಎರಡು ದಿನ ಇಟ್ಟುಕೊಳ್ಳುವುದಿಲ್ಲ. ಇವರು ಇವತ್ತಿನ ಬಸ್ಸಿಗೆ ಹೋದರೂ ನಾಳಿನದಕ್ಕೆ ಹೋದರೂ ನೋಡುವುದು ಬೂದಿಯನ್ನೇ. ಹೀಗೆಲ್ಲ ಕೂಡಿಸಿ ಕಳೆದು ತಂತಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಆದರೂ ಮನಸ್ಸು ತಡೆಯಲಿಲ್ಲ. ರೇಶನ್ ಅಂಗಡಿಯಲ್ಲಿ ಫೋನಿತ್ತು. ಗಂಡ ದೋಸೆ ಹೊಯ್ಯುತ್ತಿದ್ದ ಬೈಕುಲ್ಲಾದ ಹೋಟೆಲಿನ ನಂಬರು ನನಗೆ ಬಾಯಿಪಾಠ. ಅಂಗಡಿಯವರೆಗೆ ಹೋದೆ. ಅಂಗಡಿಯವನು ಯಾರ ಹತ್ತಿರವೋ ಫೋನಿನಲ್ಲಿ ಸಕ್ಕರೆಗಾಗಿ ಜಗಳ ಆಡುತ್ತಿದ್ದ. ಅವನು ಮುಗಿಸುವವರೆಗೆ ನಿಂತಿದ್ದರೆ ಮಾಡುತ್ತಿದ್ದೆನೋ ಏನೋ. ನಿಲ್ಲಲಿಲ್ಲ. ಅವನನ್ನೇ ನೆಪ ಮಾಡಿಕೊಂಡು ಹಿಂದೆ ಬಂದೆ.

ಪಕ್ಕದ ಮನೆಯ ಮರಾಠಿ ಹೆಂಗಸು ಬಾಗಿಲಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. “ಕಾಯ್ ವಹಿನಿ, ತಾರ್ ಆಲೀ? ಸಗಳ ಠೀಕ್ ನಾ?” ಎಂದು ತಂತಿಯ ಸುದ್ದಿ ಕೇಳಿದಳು. ಎಲ್ಲ ಸರಿ ಇದೆ, ಊರಲ್ಲಿ ಮದುವೆ ಗೊತ್ತಾಗಿದೆ ಎಂದೆ. ನಾಲಿಗೆ ಎಷ್ಟು ಸಲೀಸಾಗಿ ಹೊರಳಿತು ಎಂದು ಈಗಲೂ ಹೆದರಿಕೆಯಾಗುತ್ತದೆ.

ಒಳಗೆ ಬಂದರೆ ಮಗಳು ಜಡೆ ಬಿಚ್ಚಿಕೊಂಡು ಕೂತಿದ್ದಳು, ನಾನು ಹಾಕಲಿ ಎಂದು. ನಾನು ದೂರ ನಿಂತೆ.

“ನಾನು ಹೊರಗಾಗಿದ್ದೇನೆ, ಮುಟ್ಟುದಿಲ್ಲ” ಎಂದೆ.

“ಅಯ್ಯೋ, ಇವತ್ತೇ ಆಗ್ಬೇಕಿತ್ತಾ ಅಮ್ಮಾ ನಿಂಗೆ? ಹಾಲಿಗಾದ್ರೂ ಬರ್ತಿಯಲ್ಲ?”

“ಬರ್ತೇನೆ. ಹಿಂದೆ ಕೂತ್ಕೊಳ್ತೇನೆ.”

“ಹಿಂದೆಯೇ ಕೂತ್ಕೋ. ಮುಂದೆ ಕೂತು ಹೂಂ ಹೂಂ ಅಂತ ತಲೆ ಅಲ್ಲಾಡಿಸಿದ್ರೆ ನಂಗೆ ನಗೆ ಬರ್ತದೆ.”

ಜಡೆ ಹಾಕಿದವಳು ವಿಜಾಪುರದ ಹುಡುಗಿ. ತಾಮ್ರದ ಚೊಂಬಿಗೆ ಕೆಂಡ ತುಂಬಿ ಬ್ಲೌಸಿಗೆ ಇಸ್ತ್ರಿ ಹಾಕಿದವಳೂ ಅವಳೇ. ಅವರ ವಿಷಯ, ಶಾಲೆಯಲ್ಲಿ ಪರೀಕ್ಷೆ ಬೇಕೇ ಬೇಡವೇ. ಮಗಳದು ಬೇಡ ಎಂಬ ಕಡೆ.

“ನೋಡ್ರಿ ಮಾವಶಿ,” ಎಂದಳು ಅವಳು ಇಸ್ತ್ರಿ ತಿಕ್ಕುತ್ತ. “ವರ್ಗದಾಗ ಮೊದಲನೇ ನಂಬರ ಇಕೀದು, ಇಕಿ ಪರೀಕ್ಷಾ ಬ್ಯಾಡ ಅಂತಾಳ. ಎರಡ ಸಲ ನಪಾಸ ಆದಾಕಿ ನಾನು, ಪರೀಕ್ಷಾ ಬೇಕ ಬೇಕು ಅಂತೀನಿ. ಜಡ್ಜ್ ಮಂದಿ ನಮ್ಮ ಮಾರ್ಕ್ಸು ಕೇಳಬಾರದು, ಅಷ್ಟ.”

ಮಗಳು ಬಿದ್ದು ಬಿದ್ದು ನಕ್ಕಳು. ಆ ಹುಡುಗಿ ನನ್ನ ಕಡೆ ನೋಡಿ, “ಯಾಕ್ರೀ ಮಾವಶಿ, ಮಾರಿ ಸಪ್ಪಗ ಮಾಡೀರಿ? ನಾವು ಸೋಲ್ತೀವಿ ಅಂತ ಅಂಜೀರೇನು?” ಎಂದಳು. ಹೊಟ್ಟೆ ನೋವು ಎಂದೆ. ದೇವರ ಗೂಡಿನ ಕುಂಕುಮವನ್ನು ಅವಳ ಕೈಯಿಂದಲೇ ಇಬ್ಬರಿಗೂ ಇಡಿಸಿದೆ. ಆ ದಿನ ನಾನು ದೇವರ ದೀಪ ಮುಟ್ಟಲಿಲ್ಲ. ಮನುಷ್ಯರಿಗೆ ಹೇಳಿದ ಸುಳ್ಳು ಸಾಕಿತ್ತು.

ಕುರ್ಲಾದಲ್ಲಿ ಗಾಡಿ ಬದಲಿಸುವಾಗ ಸ್ಟೇಶನ್ನಿನ ಗಡಿಯಾರ ಎರಡೂಕಾಲು ತೋರಿಸುತ್ತಿತ್ತು. ಬಸ್ಸು ಹೊರಟಿತು ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ಸಮಾಧಾನವೇ ಆಯಿತು ಎನ್ನಬೇಕು. ಇನ್ನು ಏನೂ ಮಾಡುವ ಹಾಗಿಲ್ಲವಲ್ಲ.

ಮಗಳು ಮಾತಾಡಿದ್ದು ನನಗೆ ಅರ್ಧ ಅರ್ಥವಾಯಿತು, ಅರ್ಧ ಇಲ್ಲ. ಅಷ್ಟು ದೊಡ್ಡ ಹಾಲು, ಇಸ್ತ್ರಿ ಮಡಿಕೆ ಮುರಿಯದ ಕಾನ್ವೆಂಟಿನ ಮಕ್ಕಳು, ಸೂಟು ಹಾಕಿದ ಜಡ್ಜುಗಳು. ಅವಳು ಮೈಕಿನ ಮುಂದೆ ನಿಂತು ಒಂದು ಗಳಿಗೆ ಸುಮ್ಮನಿದ್ದಳು. ಮರೆತಳೋ ಎಂದು ನನ್ನ ಕೈ ಸೊಂಟಕ್ಕೆ ಹೋಯಿತು, ತಂತಿ ಚುಚ್ಚಿತು. ಆಮೇಲೆ ಬಾಯಿ ಬಿಟ್ಟಳು ನೋಡಿ, ಅದು ಅವಳ ಅಜ್ಜನ ಗಂಟಲು. ಮಾವ ಊರಲ್ಲಿ ತಾಳಮದ್ದಲೆಯ ಅರ್ಥ ಹೇಳುತ್ತಿದ್ದವರು. ಎದುರಾಳಿ ಮುಗಿಸುವ ಮೊದಲೇ ಜನ ಮಾವನ ಕಡೆ ತಿರುಗಿ ಕೂರುತ್ತಿದ್ದರು. ವಿಜಾಪುರದ ಹುಡುಗಿಯ ಹಿಂದಿ ಒರಟು. ಆದರೆ ತಾನು ಎರಡು ಸಲ ನಪಾಸಾದವಳು ಎಂದು ಅವಳೇ ಮೈಕಿನಲ್ಲಿ ಹೇಳಿಬಿಟ್ಟಳು. ಪರೀಕ್ಷೆ ಇರದಿದ್ದರೆ ನನಗೆ ಏನು ಬರುವುದಿಲ್ಲ ಎಂದು ನನಗೆ ಯಾರು ಹೇಳುತ್ತಿದ್ದರು, ನನ್ನ ಮನೆಯಲ್ಲಿ ಓದಿದವರು ಯಾರೂ ಇಲ್ಲ ಎಂದಳು. ಆಮೇಲೆ ಚಪ್ಪಾಳೆ.

ಶೀಲ್ಡು ಅವರಿಗೇ ಬಂತು. ಅವರ ಮಾಸ್ತರು ವೇದಿಕೆಯ ಕೆಳಗೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು. ಮಗಳು ಜನರ ನಡುವೆ ನುಗ್ಗಿ ಬಂದು ನನ್ನನ್ನು ತಬ್ಬಿಕೊಂಡಳು. ಮುಟ್ಟಬೇಡ ಎನ್ನುವಷ್ಟರಲ್ಲಿ ತಬ್ಬಿಯಾಗಿತ್ತು. “ಅಪ್ಪನಿಗೆ ನಾನೇ ಹೇಳುದು, ನೀನು ಹೇಳ್ಬೇಡ” ಎಂದಳು.

ಹುಡುಗಿಯರನ್ನು ಮಾಸ್ತರ ಜೊತೆ ಚೆಂಬೂರಿಗೆ ಕಳಿಸಿ ನಾನೊಬ್ಬಳೇ ಬೈಕುಲ್ಲಾಕ್ಕೆ ಹೋದೆ. ಹೋಟೆಲಿನ ಹಿಂದಿನ ಬಾಗಿಲಲ್ಲಿ ನಿಂತರೆ ಇವರು ಕಾವಲಿಯ ಮುಂದೆ ಬನಿಯನ್ನಿನಲ್ಲಿ ಬೆವರುತ್ತಿದ್ದರು. ನನ್ನನ್ನು ನೋಡಿ ಮುಖ ಅರಳಿತು.

“ಎಂತ, ಇಲ್ಲಿವರೆಗೆ? ಗೆದ್ದಳಾ?”

ನಾನು ತಂತಿ ಕೊಟ್ಟೆ. ಓದಿದರು. ಕಾವಲಿಯ ಮೇಲಿದ್ದ ದೋಸೆಯನ್ನು ಸೀಯದ ಹಾಗೆ ಎತ್ತಿ ತಟ್ಟೆಗೆ ಹಾಕಿದರು. ಸಟ್ಟುಗವನ್ನು ಪಕ್ಕಕ್ಕಿಟ್ಟರು.

“ಯಾವಾಗ ಬಂತು?”

“ಈಗಷ್ಟೆ. ಹಾಲಿಂದ ಮನೆಗೆ ಹೋದೆ, ಆಗ ಬಂತು.”

“ಬಸ್ಸು ಹೋಯ್ತು” ಎಂದರು. ಅಷ್ಟೇ. ಹಿತ್ತಲ ನಳದ ಕೆಳಗೆ ಬನಿಯನ್ನಿನಲ್ಲೇ ಕೂತು ತಲೆಗೆ ನೀರು ಸುರಿದುಕೊಂಡರು. ಶೀಲ್ಡಿನ ಮಾತು ಅಲ್ಲಿಗೇ ನಿಂತಿತು. ಮನೆಯಲ್ಲಿ ಮಗಳು ಅಪ್ಪನ ಒದ್ದೆ ತಲೆ ನೋಡಿದಳು, ತಾನು ಹೇಳಬೇಕೆಂದದ್ದನ್ನು ನುಂಗಿಕೊಂಡು ಮೂಲೆಗೆ ಹೋಗಿ ಕೂತಳು.

ಮರುದಿನದ ಬಸ್ಸಿನಲ್ಲಿ ಒಂದೇ ಸೀಟು ಸಿಕ್ಕಿತು. ಇವರೊಬ್ಬರೇ ಹೋದರು. ಹದಿಮೂರೂ ಮುಗಿಸಿ, ಬೋಳು ತಲೆಯಲ್ಲಿ ತಿರುಗಿ ಬಂದದ್ದು ಒಂದು ಮಧ್ಯಾಹ್ನ. ಮಗಳು ಶಾಲೆಯಿಂದ ಬಂದು ಒಳಗೆ ಬಟ್ಟೆ ಬದಲಿಸುತ್ತಿದ್ದಳು. ನಾನು ಬೆಲ್ಲ, ನೀರು ಕೊಟ್ಟೆ. ಕುಡಿದು ಗೋಡೆಗೆ ಒರಗಿ ಕೂತರು.

“ನಾನು ಹೋಗಿ ಮುಟ್ಟುವಾಗ ಸೋಮವಾರ ಸಂಜೆ, ಎಲ್ಲ ಮುಗಿದಿತ್ತು” ಎಂದರು. “ಆದ್ರೆ ತಂತಿ ಹಾಕುವಾಗ ಅಮ್ಮ ಇದ್ದಳು.”

ನನಗೆ ತಿಳಿಯಲಿಲ್ಲ. ಇದ್ದಳು ಎಂದರೆ?

“ತಮ್ಮ ಈ ಸಲ ಇದ್ದದ್ದನ್ನೇ ಬರೆದಿದ್ದ. ಭಾನುವಾರ ಸಂಜೆವರೆಗೆ ಮಾತಾಡ್ತಾ ಇದ್ದಳಂತೆ. ಶನಿವಾರ ಹೊರಟವನು ಭಾನುವಾರ ಸಂಜೆ ಆರು ಗಂಟೆ ಬಸ್ಸಿಗೆ ಬರ್ತಾನೆ ಅಂತ ಅವಳೇ ಲೆಕ್ಕ ಹಾಕಿದ್ದು. ಚಾವಡಿಯ ಕಂಬಕ್ಕೆ ಒರಗಿಸಿ ಕೂರಿಸಿ ಅಂದಳಂತೆ. ಬಸ್ಸಿನ ಹಾರನ್ ಕೇಳಿ, ಬಂದನಾ ಅಂತ ಕೇಳಿದಳಂತೆ. ಬರ್ತಾನೆ ಅಂದರಂತೆ ಮನೆಯವರು. ಎರಡು ಗುಟುಕು ಗಂಜಿ ಕುಡಿದು ಮಲಗಿದಳು. ಸೋಮವಾರ ಬೆಳಗಿನ ಜಾವ ಹೋದಳು.”

ನಿಂತ ನೆಲ ಬಾಯಿ ಬಿಟ್ಟಿದ್ದರೆ ಒಳ್ಳೆಯದಿತ್ತು.

“ತಂತಿ ಕಾಗದದ ಮೇಲೆ ಹೊತ್ತು ಬರೆದಿರ್ತಾರೆ, ಗೊತ್ತುಂಟಾ ನಿಂಗೆ?” ಎಂದರು. ಧ್ವನಿ ಏರಲಿಲ್ಲ. “ಕೊಲ್ಲಾಪುರದಲ್ಲಿ ಚಾಕ್ಕೆ ಇಳಿದಾಗ ನೋಡಿದೆ. ಹತ್ತೂವರೆ ಅಂತ ಇತ್ತು. ಮನೆಗೆ ಎಷ್ಟೊತ್ತಿಗೆ ಬಂತು?”

“ಹನ್ನೊಂದಕ್ಕೆ.”

“ತಮ್ಮನಿಗೆ, ತಂತಿ ತಡವಾಗಿ ಬಂತು ಅಂತ ಹೇಳಿದ್ದೇನೆ. ನೀನೂ ಹಾಗೇ ಹೇಳು.”

ಬೈದಿದ್ದರೆ ಅಳಬಹುದಿತ್ತು. ಬೈಯಲಿಲ್ಲ. ಮಗಳು ಯಾವಾಗ ಬಾಗಿಲಿಗೆ ಬಂದಳೋ, ಎಲ್ಲ ಕೇಳಿಸಿಕೊಂಡಿದ್ದಳು. ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು.

“ನಾನು ಮಾತಾಡ್ಲಿ ಅಂತ ನೀನು ಅಪ್ಪನನ್ನು ಅಜ್ಜಿ ಹತ್ರ ಮಾತಾಡ್ಲಿಕ್ಕೆ ಬಿಡ್ಲಿಲ್ಲ” ಎಂದಳು.

“ಅಲ್ಲ ಮಗಾ, ಅಮ್ಮನಿಗೆ ಗೊತ್ತಿರಲಿಲ್ಲ. ನಾನಿದ್ರೂ ಹಾಗೇ ತಿಳ್ಕೊಳ್ತಿದ್ದೆ” ಎಂದರು ಇವರು.

“ತಿಳ್ಕೊಂಡು ನಿಂಗೆ ಹೇಳ್ತಿದ್ದಳಲ್ಲ ಅಪ್ಪಾ, ನಂಗೆ ಸ್ಪರ್ಧೆ ಇಲ್ಲದಿದ್ರೆ?”

ವಾದದಲ್ಲಿ ಅವಳನ್ನು ಗೆದ್ದವರಿಲ್ಲ. ಮುಂದಿನ ವಾರ ಪುಣೆಯಲ್ಲಿ ಇನ್ನೂ ದೊಡ್ಡ ಸ್ಪರ್ಧೆ ಇತ್ತು. ಮಾಸ್ತರು ಎರಡು ಸಲ ಮನೆಗೆ ಬಂದರು. ಅವಳು ಹೋಗಲಿಲ್ಲ. ಮರುವರ್ಷ ಹನ್ನೊಂದನೆಯಲ್ಲೂ ಹೋಗಲಿಲ್ಲ, ಕಾಲೇಜಿನಲ್ಲೂ ಮೈಕು ಮುಟ್ಟಲಿಲ್ಲ. ಶೀಲ್ಡಿನ ಮೇಲೆ ಶಾಲೆಯ ಹೆಸರು ಕೆತ್ತಿದರು.

ದೇವರು ಉಳಿಸಿದ್ದನ್ನು ನಾನು ಎಣಿಸುತ್ತೇನೆ, ಎಣಿಸದಿದ್ದರೆ ಬದುಕುವುದು ಕಷ್ಟ. ಅತ್ತೆಯ ಬಾಯಿಗೆ ಕೊನೆಯ ನೀರು ಬಿಡಲು ಒಬ್ಬ ಮಗ ಇದ್ದ. ವಿಜಾಪುರದ ಹುಡುಗಿ ಬೊರಿವಲಿಗೆ ಹೋಗುವ ಮೊದಲು ಶೀಲ್ಡನ್ನು ಒಂದು ರಾತ್ರಿ ಮನೆಗೆ ಒಯ್ದು ಅವ್ವನಿಗೆ ತೋರಿಸಿದಳು. ಇವರು ಆ ವಿಷಯವನ್ನು ಸಾಯುವವರೆಗೆ ಮತ್ತೆ ಎತ್ತಲಿಲ್ಲ. ಇದನ್ನು ಎಣಿಕೆಗೆ ಸೇರಿಸಬೇಕೋ ಬೇಡವೋ ನನಗೆ ತಿಳಿಯದು.

ಇವರು ಊರಿಂದ ಬಂದ ಆ ಮಧ್ಯಾಹ್ನ, ಮಗಳು ಅಷ್ಟು ಹೇಳುವಷ್ಟರಲ್ಲಿ, ಹೊರಗೆ ಯಾರೋ “ಪಾಣೀ ಆಲಂ” ಎಂದು ಕೂಗಿದರು. ಚಾಳಿನ ನಳದಲ್ಲಿ ನೀರು ಅರ್ಧ ಗಂಟೆ ಮಾತ್ರ. ನಾನು ಕೊಡ ಎತ್ತಿಕೊಂಡು ಹೋಗಿ ಸಾಲಿನಲ್ಲಿ ನಿಂತೆ.