ಆಚೆಸೀಮೆಯ ಪೇಟ

ನುಸಿಗುಳಿಗೆಯ ವಾಸನೆ ಬಂದರೆ ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ, ನಾನು ಟ್ರಂಕಿನೊಳಗೆ ತಲೆ ಹಾಕುತ್ತೇನೆ. ಈ ಸಲ ಚಳಿ ಶುರುವಾದಾಗ ನೋಯ್ಡಾದ ನಮ್ಮ ಫ್ಲ್ಯಾಟಿನಲ್ಲಿ ರಜಾಯಿಗಳನ್ನು ಹೊರಗೆ ತೆಗೆಯುತ್ತಿದ್ದೆ. ಅಮ್ಮನ ತಗಡಿನ ಟ್ರಂಕಿನ ತಳದಲ್ಲಿ, ಅಪ್ಪನ ಹಳೆಯ ಪಂಚೆಯಲ್ಲಿ ಸುತ್ತಿಟ್ಟಿದ್ದ ಮೈಸೂರು ಪೇಟ ಸಿಕ್ಕಿತು. ಜರಿ ಕಪ್ಪಾಗಿದೆ, ಒಳಗಿನ ರಟ್ಟು ಒಂದು ಕಡೆ ಮುದುರಿದೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೀತು. ಸನ್ಮಾನದ ದಿನ ಸ್ವಲ್ಪ ಹೊತ್ತು ಯಜಮಾನರ ತಲೆಯ ಮೇಲೆ ಕೂತು, ಆಮೇಲೆ ಎಲ್ಲಿಡಬೇಕೆಂದು ಯಾರಿಗೂ ತೋಚದೆ ಬೀರುವಿನ ಮೇಲೆ ದೂಳು ಹಿಡಿಯುವ ಪದಾರ್ಥ. ಅಪ್ಪನಿಗೆ ದೆಹಲಿಯ ಕನ್ನಡಿಗರು ಯಾವುದೋ ರಾಜ್ಯೋತ್ಸವದಲ್ಲಿ ತೊಡಿಸಿದ್ದು ಅದು. ಆದರೆ ಆ ಪೇಟದ ಅಸಲಿ ಚರಿತ್ರೆ ಅಪ್ಪನದಲ್ಲ. ಅದು ನಕ್ಷತ್ರಗಳಾಚೆಯ ಒಂದು ರಾಜ್ಯದಲ್ಲಿ ಬಹಳ ಕಾಲ ಚಲಾವಣೆಯಲ್ಲಿತ್ತು ಎಂದರೆ ನೀವು ನಗಬಹುದು. ನಗಿ, ನನಗೂ ನಗು ಬರುತ್ತದೆ.

ಆಗ ನಾವು ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದೆವು. ಎತ್ತರದ ಸೂರು, ದಪ್ಪ ಗೋಡೆ, ಹಿಂದೆ ಪುಟ್ಟ ಅಂಗಳ, ಅಂಗಳದ ಮೇಲೆ ಬಗ್ಗಿಕೊಂಡಿದ್ದ ಬೇವಿನ ಮರ. ಅಪ್ಪ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಮನೆಯಲ್ಲಿ ಅಪ್ಪ, ಅಮ್ಮ, ನಾನು, ಮೂವರೇ. ಭಾನುವಾರಗಳಂದು ಮಾತ್ರ ನಾಲ್ವರಾಗುತ್ತಿದ್ದೆವು. ಅಮ್ಮನ ತಮ್ಮ ಶೇಖರ ಮಾಮ ಐಎಎಸ್ ಪರೀಕ್ಷೆಗೆ ಓದಲೆಂದು ಹಾಸನದಿಂದ ಬಂದು ಮುಖರ್ಜಿ ನಗರದಲ್ಲಿ ಕಿಟಕಿಯೂ ಇಲ್ಲದ ಒಂದು ಕೋಣೆ ಹಿಡಿದಿದ್ದ. ವಾರಕ್ಕೊಮ್ಮೆ ಬಸ್ಸು ಬದಲಿಸಿ ಬದಲಿಸಿ, ತೊಳೆಯುವ ಬಟ್ಟೆಯ ಚೀಲ ಹೊತ್ತುಕೊಂಡು ನಮ್ಮಲ್ಲಿಗೆ ಬರುತ್ತಿದ್ದ. ಬಂದವನು ಮೊದಲು ವಾರವಿಡೀ ಅನ್ನ ಸಾರು ಕಾಣದ ಕಣ್ಣಿನಿಂದ ಅಡುಗೆಮನೆಗೆ ಇಣುಕಿ, "ಅಕ್ಕಾ, ಹುರುಳಿಕಾಳಾ?" ಎಂದು ಕೇಳುತ್ತಿದ್ದ. ಊಟವಾದ ಮೇಲೆ ಅಪ್ಪ ಪೇಪರು ಮುಖಕ್ಕೆ ಹೊದ್ದು ಮಲಗುತ್ತಿದ್ದರು. ಮಾಮ ದಿವಾನಿನ ಮೇಲೆ ಕಾಲು ಮಡಚಿ ಕೂತು ಕತೆ ಶುರು ಮಾಡುತ್ತಿದ್ದ. ಆಗ ಅಡುಗೆಮನೆಯಲ್ಲಿ ಹಾಡುತ್ತಿದ್ದ ರೇಡಿಯೋ ಟಕ್ಕನೆ ನಿಲ್ಲುತ್ತಿತ್ತು. ನಮ್ಮ ಗಲಾಟೆಗೆ ಅಮ್ಮನಿಗೆ ತಲೆನೋವು ಬರುತ್ತದೆಂದೇ ನಾವಿಬ್ಬರೂ ತಿಳಿದಿದ್ದೆವು. ಅಮ್ಮನೂ ಹಾಗೇ ಗೊಣಗುತ್ತಿದ್ದಳು.

ಕತೆಯ ರಾಜ್ಯಕ್ಕೆ ಆಚೆಸೀಮೆ ಎಂದು ಹೆಸರು. ಕೊನೆಯ ನಕ್ಷತ್ರ ದಾಟಿದ ಮೇಲೆ ಅದು ಶುರುವಾಗುತ್ತದೆ. ಅಲ್ಲಿ ಒಂದು ಗ್ರಹದಿಂದ ಇನ್ನೊಂದಕ್ಕೆ ನೌಕೆ ಹೋಗುವಷ್ಟರಲ್ಲಿ ಹೊರಟವರ ಕೂದಲು ನರೆತಿರುತ್ತದೆ. ಹಾಗಾಗಿ ಅಲ್ಲಿ ಯಾರು ಏನು ಮಾಡಿದರೂ ನೋಡುವವರೇ ಇಲ್ಲ. ಖಾಲಿ ಗ್ರಹವೊಂದರಲ್ಲಿ ಒಬ್ಬಳು ಹೆಂಗಸು, ಬರುತ್ತದೋ ಇಲ್ಲವೋ ಗೊತ್ತಿಲ್ಲದ ನೌಕೆಗೆ ದಾರಿ ಕಾಣಲೆಂದು ಜೀವಮಾನವೆಲ್ಲ ದೀಪಸ್ತಂಭ ಕಾಯುತ್ತಾಳೆ. ಕೆಟ್ಟುಹೋದ ನೌಕೆಯಲ್ಲಿ ಒಬ್ಬ ಮುದುಕ, ನಿದ್ದೆ ಹೋದ ಪ್ರಯಾಣಿಕರಿಗೆ ತನ್ನ ಪಾಲಿನ ಗಾಳಿ ಬಿಟ್ಟುಕೊಡುತ್ತಾನೆ. ಇಂಥವರಿಗೆ ಸಿಗುವ ಬಿರುದು ತಾರಾವೀರ. ಅದಕ್ಕೆ ಜಹಗೀರಿಲ್ಲ, ಸಂಬಳವಿಲ್ಲ. ತಾರಾವೀರರು ಯಾವ ನೌಕೆಗೆ ಕಾಲಿಟ್ಟರೂ ಅಲ್ಲಿಯ ದೀಪಗಳನ್ನು ಒಂದು ಸಲ ತಗ್ಗಿಸಿ ಮತ್ತೆ ಏರಿಸುತ್ತಾರೆ, ಅಷ್ಟೇ ಮರ್ಯಾದೆ. ದೆಹಲಿಯ ಬೇಸಗೆಯಲ್ಲಿ ವೋಲ್ಟೇಜು ಬಿದ್ದು ಬಲ್ಬು ಮಂಕಾದಾಗಲೆಲ್ಲ ನಾನು ಬಾಗಿಲಿನ ಕಡೆ ನೋಡುತ್ತಿದ್ದೆ. ಅಪ್ಪ ವಿದ್ಯುತ್ ಇಲಾಖೆಯನ್ನು ಬೈಯುತ್ತಿದ್ದರು.

ಬಿರುದಿಗೆ ನಿಯಮಗಳಿದ್ದವು. ತಾರಾವೀರರನ್ನು ಮಾಡುವ ಹಕ್ಕು ತಾರಾವೀರರಿಗೆ ಮಾತ್ರ. ಬಿರುದನ್ನು ಕೇಳುವ ಹಾಗಿಲ್ಲ, ಕೇಳಿದರೆ ಸಲ್ಲದು. ಬಿರುದು ಕೊಡುವಾಗ ಹೇಳುವ ಮಾತು ಒಂದೇ: "ಯಾರೂ ನೋಡದಾಗ ನೀನು ಮಾಡಿದ್ದನ್ನು ಆಚೆಸೀಮೆ ನೋಡಿದೆ." ಮೊದಮೊದಲು ಮಾಮ ಇದನ್ನೆಲ್ಲ ತಾನು ಓದಿದ ಇಂಗ್ಲಿಷ್ ಪುಸ್ತಕಗಳ ರೀತಿಯಲ್ಲೇ ಮಾಡಲು ನೋಡಿದ. ವೀರ ಮಂಡಿಯೂರಬೇಕು, ಹೆಗಲಿಗೆ ಕತ್ತಿ ಮುಟ್ಟಿಸಬೇಕು. ಕತ್ತಿಯೆಂದು ತರಕಾರಿ ಹೆಚ್ಚುವ ಚಾಕು ಕೇಳಲು ಹೋದವನಿಗೆ ಅಮ್ಮ ಕೊಡಲಿಲ್ಲ. ಲಟ್ಟಣಿಗೆಯನ್ನೂ ಕೊಡಲಿಲ್ಲ. ಬಿರುದು ಕೊಡಬೇಕಾದರೆ ಶಾಲು ಹೊದಿಸಿ ಪೇಟ ತೊಡಿಸೋ, ಅದೇನು ಹೆಗಲಿಗೆ ಚಾಕು ಹಿಡಿಯೋದು ಅಂದಳು. ಮಾಮನೂ ಯೋಚಿಸಿದ. ಅವನು ಹುಟ್ಟಿದಾಗಿನಿಂದ ಕಣ್ಣಾರೆ ಕಂಡ ಸನ್ಮಾನಗಳೆಲ್ಲ ಹಾಗೇ ತಾನೆ ನಡೆದದ್ದು. ಅಂದಿನಿಂದ ಆಚೆಸೀಮೆಯಲ್ಲಿ ತಾರಾವೀರರಿಗೆ ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ತಟ್ಟೆ. ನಾವು ಗೋಡೆಗೆ ಒರಗಿಸಿದ ಉರುಟು ದಿಂಬನ್ನು ವೀರನೆಂದು ಕೂರಿಸಿ, ಅಪ್ಪನ ಪೇಟವನ್ನು ಅದಕ್ಕೆ ತೊಡಿಸಿ, ಮಾತು ಹೇಳಿ, ಸಭಿಕರಾಗಿ ಚಪ್ಪಾಳೆ ತಟ್ಟುತ್ತಿದ್ದೆವು. ಎರಡು ಬಾಳೆಹಣ್ಣು, ಒಂದು ಕಿತ್ತಳೆ ಇಟ್ಟ ತಟ್ಟೆ ಹಿಡಿಯುವ ಕೆಲಸ ನನ್ನದು.

ಎಷ್ಟೋ ಭಾನುವಾರ ದಿಂಬಿಗೆ ಹಣ್ಣು ಕೊಟ್ಟ ನನಗೆ ಆ ಪೇಟ ಒಂದು ಸಲ ನನ್ನ ತಲೆಗೆ ಬರಬೇಕೆಂಬ ಆಸೆ ಹುಟ್ಟಿದ್ದು ತಪ್ಪಲ್ಲವಷ್ಟೆ? ಕೇಳುವ ಹಾಗಿರಲಿಲ್ಲ. ಯಾರೂ ನೋಡದಾಗ ಏನಾದರೂ ಮಾಡಬೇಕಿತ್ತು. ಅಂಗಳದ ಗುಬ್ಬಚ್ಚಿಗಳಿಗೆ ಗುಟ್ಟಾಗಿ ನೀರಿಟ್ಟೆ. ಆದರೆ ಗುಟ್ಟಾಗಿ ಇಟ್ಟದ್ದು ಮಾಮನಿಗೆ ತಿಳಿಯುವುದು ಹೇಗೆ? ಗುಬ್ಬಿಗಳಿಗೆ ಯಾರೋ ನೀರಿಟ್ಟಿದ್ದಾರೆ ನೋಡು ಎಂದೆ. ಮಾಮ ಗಂಭೀರವಾಗಿ ನೋಡಿ, ಹೌದು, ಯಾರೋ ಇಟ್ಟಿದ್ದಾರೆ ಎಂದು ಸುಮ್ಮನಾದ. ಆ ಸಿಟ್ಟಿಗೇ ಇರಬೇಕು, ಅವನನ್ನು ಸಿಕ್ಕಿಸುವ ಪ್ರಶ್ನೆಯೊಂದು ನನಗೆ ಹೊಳೆಯಿತು. ಶಾಲೆಯ ಹಿಂದಿ ಬೆರೆತ ನನ್ನ ಕನ್ನಡದಲ್ಲಿ, "ಮಾಮ, ಸಬ್‌ಸೇ ಪೆಹಲೇ, ಎಲ್ಲಾರ್ಗಿಂತ ಮೊದ್ಲು, ತಾರಾವೀರ ಆದೋರಿಗೆ ಪೇಟ ಹಾಕಿದ್ದು ಯಾರು? ಆಗ ಬೇರೆ ಯಾರೂ ಇರ್ಲಿಲ್ವಲ್ಲ?" ಎಂದು ಕೇಳಿದೆ.  ಮಾಮ, ಮುಂದಿನ ಭಾನುವಾರ ಹೇಳ್ತೀನಿ ಎಂದ. ಆ ಮುಂದಿನ ಭಾನುವಾರ ಬರಲೇ ಇಲ್ಲ. ಕೇಳಿದಾಗಲೆಲ್ಲ ಮುಂದಕ್ಕೆ ಹೋಯಿತು. ದೊಡ್ಡವರೂ ಉತ್ತರ ಗೊತ್ತಿಲ್ಲದೆ ಕತೆ ಹೇಳುತ್ತಾರೆಂಬುದು ನನಗೆ ಮೊದಲು ತಿಳಿದದ್ದು ಹಾಗೆ.

ಒಂದು ದಿನ ಶಾಲೆಯಿಂದ ಬಂದಾಗ ಮಾಮ ದಿವಾನಿನ ಮೇಲೆ ಕೂತಿದ್ದ. ಭಾನುವಾರವಲ್ಲ. ಬಟ್ಟೆಚೀಲದ ಬದಲು ದೊಡ್ಡ ಸೂಟ್‌ಕೇಸು, ಪುಸ್ತಕದ ಕಟ್ಟುಗಳು. ಪರೀಕ್ಷೆಯ ಕೊನೆಯ ಅವಕಾಶವೂ ಮುಗಿದಿತ್ತು, ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ, ಆ ಸಂಜೆಯ ಟ್ರೈನಿಗೆ ಊರಿಗೆ ಹೊರಟಿದ್ದ. ಅಮ್ಮ ಅಡುಗೆಮನೆಯಲ್ಲಿ ದಾರಿಗೆ ಪುಳಿಯೋಗರೆ ಕಲಸಿಟ್ಟು ಚಪಾತಿ ಒತ್ತುತ್ತಿದ್ದಳು. ರೇಡಿಯೋ ಹಾಡುತ್ತಿರಲಿಲ್ಲ. ನನಗೆ ಗಾಬರಿಯಾದದ್ದು ಪರೀಕ್ಷೆಯ ಬಗ್ಗೆ ಅಲ್ಲ, ನನ್ನ ಪ್ರಶ್ನೆ ಉಳಿದುಹೋಗುತ್ತದಲ್ಲ ಎಂದು. ಮತ್ತೆ ಕೇಳಿದೆ. ಮಾಮ ಈ ಸಲ ಮುಂದೂಡಲಿಲ್ಲ.

"ಗೊತ್ತಿಲ್ಲ ಪುಟ್ಟಿ," ಎಂದ. "ನಂಗೂ ಯಾರೂ ಕೊಟ್ಟಿಲ್ಲ."

ಅಂದರೆ ಅವನು ತಾರಾವೀರನೇ ಅಲ್ಲ. ದಿಂಬಿಗೆ ಕೊಟ್ಟ ಬಿರುದುಗಳೆಲ್ಲ ಸುಳ್ಳು. ಇಷ್ಟು ವರ್ಷ ಆ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಓದಿದ್ದನ್ನೂ ಯಾರೂ ನೋಡಿಲ್ಲ. ನನಗೆ ಅಳು ಬಂತು. ಒಳಗೆ ಹೋಗಿ ಪೇಟ ತಂದು ಮಾಮನ ತಲೆಗೆ ಇಟ್ಟೆ. ಶಾಲಿಗೆ ಅವನ ಟವೆಲ್ಲೇ ಸಿಕ್ಕಿತು. ಮಾತನ್ನು ತಪ್ಪಿಲ್ಲದೆ ಹೇಳಿದೆ. ಮಾಮ ದಿಂಬಿನ ಹಾಗೆ ಅಲ್ಲಾಡದೆ ಕೂತಿದ್ದ. ಆಮೇಲೆ ಎದ್ದ. ಈಗ ಅವನಿಗೆ ಹಕ್ಕು ಬಂದಿದೆ, ಇನ್ನು ನನ್ನದೇ ಸರದಿ ಎಂದು ನಾನು ತಲೆ ಬಗ್ಗಿಸಿ ನಿಂತೆ. ಮಾಮ ನನ್ನನ್ನು ದಾಟಿ ಅಡುಗೆಮನೆಗೆ ಹೋದ. ಪೇಟ ತೆಗೆದು ಅಮ್ಮನ ತಲೆಗೆ ಇಟ್ಟ, ಮಾತು ಶುರು ಮಾಡಿದ, ಅರ್ಧಕ್ಕೇ ದನಿ ಒಡೆದು ಉಳಿದದ್ದನ್ನು ಹೇಳಲಾಗಲಿಲ್ಲ. ಅಮ್ಮ ತಿರುಗಲಿಲ್ಲ.

"ತೆಗಿಯೋ, ಕೈಯೆಲ್ಲ ಹಿಟ್ಟಾಗಿದೆ," ಎಂದಳು.

ಅವನು ತೆಗೆಯಲಿಲ್ಲ. ಅಮ್ಮ ಪೇಟ ತೊಟ್ಟುಕೊಂಡೇ ಉಳಿದ ಚಪಾತಿಗಳನ್ನು ಬೇಯಿಸಿದಳು. ನನಗೆ ಹೊಟ್ಟೆ ಉರಿದುಹೋಯಿತು. ಒಂದು ದಿನವಾದರೂ ಕತೆಗೆ ಬಂದು ಕೂರದವಳಿಗೆ ಬಿರುದು, ಹಣ್ಣಿನ ತಟ್ಟೆ ಹಿಡಿದವಳಿಗೆ ಏನೂ ಇಲ್ಲ.

ಆಮೇಲೆ ಅಪ್ಪ ನಿವೃತ್ತರಾದರು, ಕ್ವಾರ್ಟರ್ಸ್ ಬಿಟ್ಟುಕೊಟ್ಟೆವು. ಈಗ ಆ ಬೀದಿಗಳ ಗೋಡೆಗಳ ಮೇಲೆ ದೊಡ್ಡ ದೊಡ್ಡ ಚಿತ್ರ ಬರೆದಿದ್ದಾರೆ, ಹುಡುಗ ಹುಡುಗಿಯರು ಬಂದು ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಬೇರೆ ಯಾರದೋ ಬಟ್ಟೆ ಒಣಗುತ್ತದೆ. ಬೇವಿನ ಮರವಿಲ್ಲ. ಅಪ್ಪ ಹೋದ ಮೇಲೆ ಅಮ್ಮ ಟ್ರಂಕಿನ ಸಮೇತ ನನ್ನಲ್ಲಿಗೆ ಬಂದಳು. ಆಚೆಸೀಮೆಯ ಮಾತು ನಮ್ಮ ನಡುವೆ ಎಂದೂ ಬರಲಿಲ್ಲ. ಕೇಳುವ ಹಾಗಿರಲಿಲ್ಲವಲ್ಲ, ನಾನೂ ಕೇಳಲಿಲ್ಲ. ಹೋದ ಚಳಿಗಾಲದಲ್ಲಿ, ಅವಳು ಏಳಲಾರದಂತಾದ ಮೇಲೆ, ಮಧ್ಯಾಹ್ನದ ಬಿಸಿಲಿಗೆ ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಕೂರಿಸುತ್ತಿದ್ದೆ. ಒಂದು ದಿನ ನೆಲದ ಮೇಲೆ ಕೂತು ಅವಳ ಒಡೆದ ಹಿಮ್ಮಡಿಗೆ ಎಣ್ಣೆ ಹಚ್ಚುತ್ತಿದ್ದೆ. ಅಮ್ಮ ನನ್ನ ಹೆಗಲ ಮೇಲಿದ್ದ ಟವೆಲ್ಲನ್ನು ಎಳೆದುಕೊಂಡು, ನನ್ನ ತಲೆಗೆ ಸುತ್ತತೊಡಗಿದಳು. ಚಳಿಯಾಗುತ್ತದೆಂದು ಹೊದಿಸುತ್ತಿದ್ದಾಳೆ ಅಂದುಕೊಂಡೆ. ಸುತ್ತಿ ಮುಗಿಸಿ, ಅಂಚು ಸಿಕ್ಕಿಸಿ, ಮೆಲ್ಲಗೆ ಹೇಳಿದಳು: "ಯಾರೂ ನೋಡದಾಗ ನೀನು ಮಾಡಿದ್ದನ್ನು ಆಚೆಸೀಮೆ ನೋಡಿದೆ." ಒಂದು ಅಕ್ಷರ ತಪ್ಪಲಿಲ್ಲ. ಆಮೇಲೆ ತಟ್ಟೆಯಲ್ಲಿದ್ದ ಸುಲಿದ ಕಿತ್ತಳೆಯ ತೊಳೆಯೊಂದನ್ನು ನನ್ನ ಕೈಗಿಟ್ಟಳು. ಮಾಘ ಕಳೆಯುವಷ್ಟರಲ್ಲಿ ಅಮ್ಮ ಹೋದಳು.

ಪೇಟ ಸಿಕ್ಕ ದಿನ ಅದನ್ನು ಎದುರಿಗಿಟ್ಟುಕೊಂಡು ಲೆಕ್ಕ ಹಾಕಿದೆ. ನನಗೆ ಕೊಟ್ಟವಳು ಅಮ್ಮ, ಅಮ್ಮನಿಗೆ ಕೊಟ್ಟವನು ಮಾಮ, ಮಾಮನಿಗೆ ಕೊಟ್ಟವಳು ಯಾವ ಬಿರುದೂ ಇಲ್ಲದ ನಾನು. ಆಚೆಸೀಮೆಯಲ್ಲೂ ಮೊದಲು ಹೀಗೇ ಆಗಿರಬೇಕು. ಹಕ್ಕಿಲ್ಲದವರು ಯಾರೋ ತಡೆಯಲಾರದೆ ಕೊಟ್ಟುಬಿಟ್ಟಿರಬೇಕು. ಹಾಸನದಲ್ಲಿ ಕಾಲೇಜು ಮೇಷ್ಟರಾಗಿ ನಿವೃತ್ತನಾಗಿರುವ ಮಾಮನಿಗೆ ಫೋನ್ ಮಾಡಿ, ನನಗೆ ಬಿರುದು ಸಿಕ್ಕಿದೆ ಎಂದೆ. ಅವನು ಮೊದಲು ನಕ್ಕ, ಕೊಟ್ಟವರು ಯಾರು ಎಂದ. ಅಮ್ಮ, ಅಂದು ನೀನು ಅರ್ಧಕ್ಕೇ ಬಿಟ್ಟ ಮಾತನ್ನೂ ಪೂರ್ತಿ ಹೇಳಿದಳು ಎಂದೆ.

ಆ ಕಡೆ ನಗು ನಿಂತಿತು.

"ಅಕ್ಕ ಕತೆ ಕೇಳಿಸ್ಕೋತಿದ್ಲಾ?"

"ನೀನು ಶುರು ಮಾಡಿದ ತಕ್ಷಣ ರೇಡಿಯೋ ಆರಿಸ್ತಿದ್ಲಲ್ಲ ಮಾಮ," ಎಂದೆ.